ಉಜ್ಜಯಿನಿ ಪಕ್ಕದಲ್ಲಿ ಹುಟ್ಟಿದ ಕತ್ರೀನಾ

ಇಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಕೇಳಿದ್ದಾರೆ: ‘ಅಮೆರಿಕದ ಹರಿಕೇನ್ ಕೇಂದ್ರದ ದತ್ತಾಂಶ ಇಳಿಸಿಕೊಂಡು ಕತ್ರೀನಾ ಚಂಡಮಾರುತದ ಹಾದಿಯನ್ನು ಗೂಗಲ್ ಅರ್ಥ್‌ನಲ್ಲಿ ಹಾಕಿದೆ. ನ್ಯೂ ಆರ್ಲಿಯನ್ಸ್ ಬಳಿ ದಡ ಸೇರಬೇಕಾದ ಗೆರೆ ಟಿಬೆಟ್‌ಗೆ ನುಗ್ಗಿದೆ. ಯಾಕೆ ಹೀಗೆ?’

ಎಂಥ ಸೊಗಸಾದ ಪ್ರಶ್ನೆ! ಉತ್ತರ ಒಂದೇ ಒಂದು ಮೈನಸ್ ಚಿಹ್ನೆಯಲ್ಲಿದೆ.

ಮಿಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ 1851ರಿಂದೀಚಿನ ಅಟ್ಲಾಂಟಿಕ್ ಚಂಡಮಾರುತಗಳ ದಾಖಲೆಯನ್ನು ಎಲ್ಲರಿಗೂ ಮುಕ್ತವಾಗಿ ಇಟ್ಟಿದೆ. ಬರೀ ಅಕ್ಷರ, ಅಂಕಿಗಳ ಸಾಲುಗಳು. ಆರು ಗಂಟೆಗೊಂದು ಸಾಲು, ದಡ ಮುಟ್ಟಿದ ಗಳಿಗೆಗೆ ಇನ್ನೊಂದು. 2005ರ ಆಗಸ್ಟ್ 29ರ ಸಾಲಿನಲ್ಲಿ ‘29.3ಎನ್, 89.6ಡಬ್ಲ್ಯೂ, 110’ ಎಂದಿದೆ. ಅಂದರೆ 29.3 ಡಿಗ್ರಿ ಉತ್ತರ, 89.6 ಡಿಗ್ರಿ ಪಶ್ಚಿಮ, ಗಾಳಿಯ ವೇಗ 110 ನಾಟ್. ಲೂಸಿಯಾನಾದ ಬ್ಯೂರಸ್ ಹತ್ತಿರ ಕತ್ರೀನಾ ನೆಲಕ್ಕೆ ಅಪ್ಪಳಿಸಿದ್ದು ಇಲ್ಲಿ. ಇಂಥ ಸಾಲುಗಳನ್ನು ಕೆಎಂಎಲ್ ಎಂಬ ಕಡತವಾಗಿ ಬದಲಿಸಿ ಕೊಟ್ಟರೆ, ರಂಗೋಲಿಯ ಚುಕ್ಕಿ ಸೇರಿಸಿದ ಹಾಗೆ ಗೂಗಲ್ ಅರ್ಥ್ ಗೆರೆ ಎಳೆಯುತ್ತದೆ. ಬದಲಿಸಲು ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಸಾಕು.

ಆದರೆ ಕೆಎಂಎಲ್‌ಗೆ ‘ಪಶ್ಚಿಮ’ ಎಂಬ ಅಕ್ಷರ ತಿಳಿಯದು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಲೇಬೇಕು. ಮರೆತರೆ ಭೂಗೋಳದ ಆ ಬದಿಯ ಚಂಡಮಾರುತ ಈ ಬದಿಗೆ ಬರುತ್ತದೆ. ನಾನು ಬೇಕೆಂದೇ ಮೈನಸ್ ತೆಗೆದು ನೋಡಿದೆ. ಬಹಾಮಾಸ್‌ನಲ್ಲಿ ಹುಟ್ಟಿದ ಕತ್ರೀನಾ ಉಜ್ಜಯಿನಿಯ ಪಶ್ಚಿಮಕ್ಕೆ, ಮಾಳವದ ಹೊಲಗಳ ನಡುವೆ ಹುಟ್ಟಿತು. ಫ್ಲೋರಿಡಾದ ಬದಲು ಕಾನ್ಪುರದ ದಕ್ಷಿಣಕ್ಕೆ ಹೊಡೆಯಿತು. ಮೆಕ್ಸಿಕೋ ಕೊಲ್ಲಿಗೆ ಇಳಿಯುವ ಬದಲು ಗಯಾ ಹತ್ತಿರ ತಿರುಗಿ, ಜಲಪಾಯ್‌ಗುರಿಯ ಆಸುಪಾಸಿನಲ್ಲಿ ಪರಾಕಾಷ್ಠೆ ಮುಟ್ಟಿ, ಹಿಮಾಲಯ ದಾಟಿ ಟಿಬೆಟ್‌ನ ಶಿಗಾಟ್ಸೆಯ ಪೂರ್ವಕ್ಕೆ ‘ದಡ’ ಸೇರಿತು. ಕೊನೆಗೆ ತಕ್ಲಮಕಾನ್ ಮರುಭೂಮಿಯಲ್ಲಿ ಕರಗಿಹೋಯಿತು. ಲೂಸಿಯಾನಾ ಮತ್ತು ಟಿಬೆಟ್ ಒಂದೇ ಅಕ್ಷಾಂಶದಲ್ಲಿವೆ ಎಂಬುದು ಇಷ್ಟು ಚೆನ್ನಾಗಿ ಬೇರೆಲ್ಲೂ ಮನದಟ್ಟಾಗದು.

ಇನ್ನೊಂದು ಎಡವಟ್ಟು ಇದಕ್ಕಿಂತ ಮೋಜಿನದು. ಹರಿಕೇನ್ ದಾಖಲೆ ಅಕ್ಷಾಂಶವನ್ನು ಮೊದಲು ಬರೆಯುತ್ತದೆ, ಕೆಎಂಎಲ್ ರೇಖಾಂಶವನ್ನು ಮೊದಲು ಕೇಳುತ್ತದೆ. ಮೈನಸ್ ಸರಿಯಾಗಿ ಹಾಕಿಯೂ ಈ ಎರಡನ್ನು ಅದಲು ಬದಲು ಮಾಡಿದರೆ ಕತ್ರೀನಾ ಬ್ಯೂರಸ್ ಬಿಟ್ಟು ದಕ್ಷಿಣ ಧ್ರುವದಿಂದ ಸುಮಾರು 45 ಕಿಲೋಮೀಟರ್ ದೂರದ ಹಿಮದ ಮೇಲೆ ಹೋಗಿ ಬೀಳುತ್ತದೆ!

ಕೆಎಂಎಲ್ ಕೇಳುವ ಮೂರನೇ ಸಂಖ್ಯೆ ಎತ್ತರದ್ದು. ಹೆಚ್ಚಿನವರು ಅಲ್ಲಿ ಸೊನ್ನೆ ಹಾಕಿ ಮುಗಿಸುತ್ತಾರೆ. ಅಲ್ಲಿ ಗಾಳಿಯ ವೇಗವನ್ನು ತುಂಬಿ ನೋಡಿ. ಒಂದು ನಾಟ್‌ಗೆ ಒಂದು ಕಿಲೋಮೀಟರ್ ಎಂದಿಟ್ಟುಕೊಂಡು, ಗೆರೆಯನ್ನು ನೆಲದವರೆಗೆ ಇಳಿಬಿಡುವ ಆಯ್ಕೆಯನ್ನೂ ಕೊಟ್ಟರೆ, ಸಮುದ್ರದ ಮೇಲೆ ಒಂದು ಗೋಡೆ ಎದ್ದು ನಿಲ್ಲುತ್ತದೆ. ಫ್ಲೋರಿಡಾದ ನೆಲ ದಾಟುವಾಗ ಗೋಡೆ ಕೊಂಚ ತಗ್ಗುತ್ತದೆ, ಮತ್ತೆ ನೀರಿಗಿಳಿದೊಡನೆ ಏರುತ್ತದೆ. ಆಗಸ್ಟ್ 28ರಂದು ಹನ್ನೆರಡೇ ಗಂಟೆಯಲ್ಲಿ 100ರಿಂದ 145ಕ್ಕೆ ಜಿಗಿದು, ಇನ್ನಾರು ಗಂಟೆಗೆ 150 ಮುಟ್ಟುತ್ತದೆ. ದಡ ದಾಟಿದ ಮೇಲೆ ಕುಸಿಯುವುದು ಅಷ್ಟೇ ಬೇಗ. ಕತ್ರೀನಾ ದೇವರ ಶಿಕ್ಷೆ ಎಂದು ಬೋಧಿಸಿದ ಧರ್ಮೋಪದೇಶಕರು ಅಮೆರಿಕದಲ್ಲೂ ಇದ್ದರು. ಅವರು ಈ ಗೋಡೆಯನ್ನು ನೋಡಬೇಕಿತ್ತು. ಅದು ಎದ್ದು ನಿಂತ ಕಡೆ ಪಾಪದ ಲೆಕ್ಕ ಇಲ್ಲ. ಕೆರಿಬಿಯನ್ ಕಡೆಯಿಂದ ಬರುವ ಲೂಪ್ ಪ್ರವಾಹದ ಬಿಸಿ ನೀರಿದೆ. ಅಲ್ಲಿ ಬಿಸಿ ಮೇಲ್ಪದರಕ್ಕಷ್ಟೇ ಸೀಮಿತವಲ್ಲ, ಆಳಕ್ಕೂ ಇಳಿದಿರುತ್ತದೆ. ಹಾಗಾಗಿ ಚಂಡಮಾರುತ ಕಡಲನ್ನು ಎಷ್ಟು ಕಲಕಿದರೂ ತಣ್ಣೀರು ಮೇಲೆ ಬಂದು ಅದರ ಶಕ್ತಿಯನ್ನು ಕಸಿಯುವುದಿಲ್ಲ.

ಈಗ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ತಪ್ಪು ತಿಳಿವಳಿಕೆಗೆ ಬರುತ್ತೇನೆ. ಗೆರೆ ಸ್ಪಷ್ಟವಾದಷ್ಟೂ ಜನ ಗೆರೆಯನ್ನೇ ಚಂಡಮಾರುತ ಎಂದುಕೊಳ್ಳುತ್ತಾರೆ. ಗೆರೆ ತೋರಿಸುವುದು ಕೇಂದ್ರಬಿಂದುವಿನ ಹಾದಿಯನ್ನು ಮಾತ್ರ. ಗಾಳಿ ಮಳೆಗಳು ಅದರ ಎರಡೂ ಬದಿಗೆ ನೂರಾರು ಕಿಲೋಮೀಟರ್ ಹರಡಿರುತ್ತವೆ. ಮುನ್ಸೂಚನೆಯ ನಕ್ಷೆಯಲ್ಲಿ ಮುಂದಕ್ಕೆ ಅಗಲವಾಗುತ್ತ ಹೋಗುವ ಬಿಳಿ ಶಂಕುವೂ ಚಂಡಮಾರುತದ ಗಾತ್ರವಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನೆಗಳು ಎಷ್ಟೆಷ್ಟು ತಪ್ಪಿದ್ದವು ಎಂದು ಅಳೆದು, ಅದರಲ್ಲಿ ಮೂರನೇ ಎರಡು ಪಾಲು ಒಳಗೆ ಬೀಳುವಂತೆ ಎಳೆದ ಅಂಚು ಅದು. ಉಳಿದ ಒಂದು ಪಾಲು ಶಂಕುವಿನ ಹೊರಗೇ! 2004ರಲ್ಲಿ ಚಾರ್ಲಿ ಹರಿಕೇನ್ ಬಂದಾಗ ನಡುಗೆರೆ ಟ್ಯಾಂಪಾದತ್ತ ಇತ್ತು. ದಕ್ಷಿಣದ ಪುಂಟಾ ಗೋರ್ಡಾ ಕೂಡ ಶಂಕುವಿನೊಳಗೇ ಇದ್ದರೂ ಅನೇಕರ ಕಣ್ಣು ನಡುಗೆರೆಯ ಮೇಲೆಯೇ ನೆಟ್ಟಿತ್ತು. ಆಗಸ್ಟ್ 13ರಂದು ಚಾರ್ಲಿ ಬಲಕ್ಕೆ ಹೊರಳಿ ಬಂದಿಳಿದದ್ದು ಪುಂಟಾ ಗೋರ್ಡಾ ಕಡೆಗೆ.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಗೆರೆ ಕರ್ನಾಟಕದ ನೆಲವನ್ನು ಎಲ್ಲೂ ಮುಟ್ಟಿಲ್ಲ. ಅರಬ್ಬಿ ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ದಡ ಸೇರಿದೆ. ಆದರೂ ಉಳ್ಳಾಲದ ಕಡಲತೀರದಲ್ಲಿ ಆದ ಹಾನಿಯನ್ನು ರಾಜ್ಯವೆಲ್ಲ ನೋಡಿದೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಒಂದು ಸಲಹೆ. ಮುಂದಿನ ಪ್ರಯೋಗ ತೌಕ್ತೆಯದಾಗಲಿ. ಜಗತ್ತಿನ ಎಲ್ಲ ಸಾಗರಗಳ ಚಂಡಮಾರುತಗಳ ಹಾದಿ ಅಮೆರಿಕದ ನೋವಾ ಸಂಸ್ಥೆಯ ಐಬಿಟ್ರ್ಯಾಕ್ಸ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮದು ಪೂರ್ವ ರೇಖಾಂಶ, ಮೈನಸ್ಸಿನ ಕಾಟ ಇಲ್ಲ. ಗೆರೆ ಬಂದ ಮೇಲೆ ಪ್ರತಿ ಬಿಂದುವಿನ ಸುತ್ತ ಗಾಳಿ ಹರಡಿದಷ್ಟು ಅಗಲದ ವೃತ್ತವನ್ನೂ ಎಳೆದು, ಮಂಗಳೂರು, ಮಲ್ಪೆ, ಕಾರವಾರ ಅದರೊಳಗೆ ಬೀಳುತ್ತವೆಯೇ ನೋಡಿ ನನಗೆ ಬರೆಯಿರಿ.