ಓದು, ಬರೆದಿಡು, ವಿಚಾರಿಸು: ಅಜ್ಞಾನದ ಬಗ್ಗೆ ಇಸ್ಲಾಂ ಹೇಳುವುದೇನು? ಗವಾನ್ ಮದರಸಾದ ಪಾಠವೇನು?

ಬೀದರ್: ಚೌಬಾರಾದಿಂದ ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಮಹಮೂದ್ ಗವಾನ್ ಮದರಸಾ ಹೊಸದೇನಲ್ಲ. ಉಳಿದ ಒಂದೇ ಮಿನಾರು, ಅಲ್ಲಲ್ಲಿ ಕಾಣುವ ನೀಲಿ ಹೆಂಚಿನ ಕುಸುರಿ, ಅರ್ಧ ಬಿದ್ದ ಮುಂಭಾಗ. ಪ್ರವಾಸಿಗರು ಬರ್ತಾರೆ, ಫೋಟೊ ತೆಗೆದುಕೊಂಡು ಹೋಗ್ತಾರೆ. ಆದರೆ ಇದನ್ನು ಕಟ್ಟಿಸಿದ ಮನುಷ್ಯನ ಕಥೆಯಲ್ಲಿ ಇಸ್ಲಾಂ ಜ್ಞಾನಕ್ಕೆ ಕೊಟ್ಟ ಬೆಲೆಯೂ ಇದೆ, ಅಜ್ಞಾನ ತರುವ ಅನಾಹುತವೂ ಇದೆ. ಗಲ್ಲಾ ಪೆಟ್ಟಿಗೆ ಮುಂದೆ ಕೂತವರಿಗೂ, ಮೊಬೈಲ್‌ಗೆ ಬಂದ ಮೆಸೇಜನ್ನು ಹಾಗೇ ಮುಂದಕ್ಕೆ ಕಳಿಸುವವರಿಗೂ ಇದು ಸಂಬಂಧಪಟ್ಟ ವಿಷಯ.

ಮೊದಲ ಮಾತೇ ‘ಓದು’

ಪ್ರವಾದಿ ಮುಹಮ್ಮದರಿಗೆ ಮೊದಲು ಅವತೀರ್ಣವಾದ ಕುರ್‌ಆನ್ ವಚನಗಳು ‘ಇಕ್ರಾ’, ಅಂದರೆ ‘ಓದು’ ಎಂಬ ಪದದಿಂದಲೇ ಶುರುವಾಗುತ್ತವೆ. ಅದರ ಬೆನ್ನಿಗೇ ಲೇಖನಿಯ ಪ್ರಸ್ತಾಪ ಬರುತ್ತದೆ. ಓದು-ಬರಹ ಬಲ್ಲವರು ಬಹಳ ಕಡಿಮೆ ಇದ್ದ ಮಕ್ಕಾದಲ್ಲಿ ಈ ಮಾತು ಬಂತು ಎಂಬುದನ್ನು ನೆನಪಿಡಬೇಕು. 624ರ ಬದ್ರ್ ಯುದ್ಧದಲ್ಲಿ ಸೆರೆ ಸಿಕ್ಕವರಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಬರೆಯಲು ಕಲಿಸಿದರೆ ಬಿಡುಗಡೆ ಸಿಗುತ್ತಿತ್ತು ಎಂದು ಇಸ್ಲಾಮಿಕ್ ಪರಂಪರೆ ಹೇಳುತ್ತದೆ. ಅಂದರೆ ಶತ್ರುವಿನ ಹತ್ತಿರ ವಿದ್ಯೆ ಇದ್ದರೆ ಅವನಿಂದಲೂ ಕಲಿಯಬಹುದು. ವಿದ್ಯೆ ಹುಡುಕುವುದು ಪ್ರತಿಯೊಬ್ಬ ಮುಸ್ಲಿಮನ ಕರ್ತವ್ಯ ಎಂಬ ಅರ್ಥದ ಹದೀಸ್ ಕೂಡ ಬಹಳ ಪ್ರಸಿದ್ಧ.

‘ಜಾಹಿಲ್’ ಅಂದ್ರೆ ಓದು ಬಾರದವನಷ್ಟೇ ಅಲ್ಲ

ನಮ್ಮ ಕಡೆ ಮಾತಿನಲ್ಲಿ ‘ಜಾಹಿಲ್’ ಎಂದು ಬೈಯುವುದು ಉಂಟು. ಅದರ ಮೂಲ ಅರಬ್ಬಿಯ ‘ಜಹಲ್’. ಈ ಪದಕ್ಕೆ ತಿಳಿವಳಿಕೆ ಇಲ್ಲದಿರುವುದು ಎಂಬ ಅರ್ಥದ ಜೊತೆಗೆ, ಸಿಟ್ಟಿನ ಭರದಲ್ಲಿ ಹಿಂದೆ ಮುಂದೆ ನೋಡದೆ ನುಗ್ಗುವುದು ಎಂಬ ಅರ್ಥವೂ ಇದೆ. ಇಸ್ಲಾಂಗೆ ಮುಂಚಿನ ಅರಬ್ ಕಾಲವನ್ನು ‘ಜಾಹಿಲಿಯ್ಯಾ’ ಎಂದು ಕರೆಯುತ್ತಾರೆ. ಆ ಜನ ದಡ್ಡರೇನಲ್ಲ. ದೊಡ್ಡ ಕವಿಗಳಿದ್ದರು, ದೂರ ದೂರದ ಸಂತೆಗೆ ಹೋಗುವ ವ್ಯಾಪಾರಿಗಳಿದ್ದರು. ಆದರೂ ಸಣ್ಣ ಮಾತಿಗೆ ಕುಲ ಕುಲಗಳ ನಡುವೆ ವರ್ಷಗಟ್ಟಲೆ ರಕ್ತ ಹರಿಯುತ್ತಿತ್ತು. ಹೆಣ್ಣು ಕೂಸನ್ನು ಜೀವಂತ ಹೂಳುವ ಪದ್ಧತಿಯನ್ನು ಕುರ್‌ಆನ್ ಖಂಡಿಸಿದೆ. ಹೀಗಾಗಿ ಡಿಗ್ರಿ ಇದ್ದವನೂ ಜಾಹಿಲ್ ಆಗಬಹುದು, ಸಹಿ ಹಾಕಲು ಬಾರದ ಅಜ್ಜಿಯೂ ತಿಳಿದವಳಾಗಿರಬಹುದು.

ಉದ್ರಿ ಲೆಕ್ಕ ಬರೆದಿಡಿ

ಅಂಗಡಿಯವರು ಗಮನಿಸಬೇಕಾದ ಸಂಗತಿ ಇದು: ಕುರ್‌ಆನ್‌ನ ಅತಿ ಉದ್ದದ ವಚನ ನಮಾಜಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ, ಸಾಲದ ಲೆಕ್ಕದ ಬಗ್ಗೆ. ಎರಡನೇ ಅಧ್ಯಾಯದ 282ನೇ ವಚನ ಅದು. ಗಡುವಿನ ಮೇಲೆ ಸಾಲ ಕೊಟ್ಟರೆ ಬರೆದಿಡಬೇಕು. ಬರೆಯುವವನು ಯಾರ ಕಡೆಗೂ ವಾಲಬಾರದು. ಏನು ಬರೆಯಬೇಕೆಂದು ಸಾಲ ತಗೊಂಡವನೇ ಹೇಳಿ ಬರೆಸಬೇಕು, ಸಾಕ್ಷಿ ಇರಬೇಕು. ಮೊತ್ತ ಸಣ್ಣದು ಅಂತ ಬೇಸರಪಡಬಾರದು. ಕೈಯಿಂದ ಕೈಗೆ ನಗದು ವ್ಯವಹಾರವಾದರೆ ಬರೆಯದಿದ್ದರೂ ನಡೆಯುತ್ತದೆ. ‘ನಮ್ಮವರೇ ಬಿಡ್ರಿ, ಬರೆಯೋದೇನು’ ಎಂದು ಬಾಯಿಮಾತಲ್ಲೇ ಬಿಟ್ಟ ಉದ್ರಿ ಎಷ್ಟು ಸ್ನೇಹ, ಎಷ್ಟು ನೆಂಟಸ್ತಿಕೆ ಕೆಡಿಸಿದೆ ಎಂಬುದು ಯಾವ ಪೇಟೆಯವರಿಗೆ ಗೊತ್ತಿಲ್ಲ?

ಒಬ್ಬ ವ್ಯಾಪಾರಿ, ಒಂದು ಖಾಲಿ ಹಾಳೆ

ಮಹಮೂದ್ ಗವಾನ್ ಕೂಡ ಮೂಲತಃ ವ್ಯಾಪಾರಿಯೇ. ಪರ್ಷಿಯಾದ ಗಿಲಾನ್‌ನಿಂದ 1453ರ ಸುಮಾರಿಗೆ ಬೀದರ್‌ಗೆ ಬಂದು, ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ. ‘ಮಲಿಕ್-ಉತ್-ತುಜ್ಜಾರ್’, ಅಂದರೆ ವ್ಯಾಪಾರಿಗಳ ಒಡೆಯ ಎಂಬ ಬಿರುದು ಅವನಿಗಿತ್ತು. 1472ರಲ್ಲಿ ಮೂರು ಅಂತಸ್ತಿನ ಈ ಮದರಸಾ ಕಟ್ಟಿಸಿದ. ವಿದ್ಯಾರ್ಥಿಗಳಿಗೆ ಊಟ, ವಸತಿ ಉಚಿತ. ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ.

ದರಬಾರಿನಲ್ಲಿ ಅವನನ್ನು ಕಂಡರೆ ಆಗದವರಿದ್ದರು. ಮುದ್ರೆ ನೋಡಿಕೊಳ್ಳುತ್ತಿದ್ದ ಸೇವಕನನ್ನು ಒಲಿಸಿಕೊಂಡು ಖಾಲಿ ಹಾಳೆಗೆ ಗವಾನ್‌ನ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ, ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಗವಾನನೇ ಕರೆದಂತೆ ಪತ್ರ ಬರೆದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ಷಾನ ಮುಂದೆ ಅದನ್ನು ಇಟ್ಟರು. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದ ಗವಾನ್. ಸುಲ್ತಾನ ವಿಚಾರಣೆಯನ್ನೇ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ್ದ ಆ ಮುದುಕನ ತಲೆ ಕಡಿಸಿದ.

ಸತ್ಯ ತಿಳಿದ ಮೇಲೆ ಪಶ್ಚಾತ್ತಾಪವಾಯಿತು, ಆದರೆ ಹೋದ ಜೀವ ಬರಲಿಲ್ಲ. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ಹಿಡಿದಿಡುವವರಿಲ್ಲದೆ ಬಹಮನಿ ರಾಜ್ಯ ಮುಂದೆ ಐದು ಹೋಳಾಯಿತು. ಮದರಸಾ ಮಾತ್ರ ಪಾಠ ಹೇಳುತ್ತಾ ನಿಂತಿತ್ತು. 1696ರಲ್ಲಿ ಮದ್ದು ಸ್ಫೋಟಗೊಂಡು ಅದರ ಮುಂಭಾಗವೂ ಬಿತ್ತು.

ವಿಚಾರಿಸದೆ ನಂಬಬೇಡಿ

ಇಂಥ ತಪ್ಪಿನ ಬಗ್ಗೆ ಕುರ್‌ಆನ್ ಮೊದಲೇ ಎಚ್ಚರಿಸಿದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಬೇಕು, ಇಲ್ಲದಿದ್ದರೆ ಅಜ್ಞಾನದಿಂದ ಯಾರಿಗೋ ಕೇಡು ಮಾಡಿ ಆಮೇಲೆ ಪರಿತಪಿಸಬೇಕಾಗುತ್ತದೆ ಎಂಬುದು 49ನೇ ಅಧ್ಯಾಯದ 6ನೇ ವಚನದ ತಾತ್ಪರ್ಯ. ಸುಲ್ತಾನನಿಗೆ ಈ ವಚನ ತಿಳಿಯದೇ ಇರಲಿಕ್ಕಿಲ್ಲ. ತಿಳಿದದ್ದನ್ನು ಬೇಕಾದ ಹೊತ್ತಿಗೆ ಬಳಸದಿದ್ದರೆ ಅದೂ ಅಜ್ಞಾನವೇ.

ಈಗ ಪತ್ರದ ಜಾಗಕ್ಕೆ ವಾಟ್ಸಾಪ್ ಬಂದಿದೆ. ಯಾವುದೋ ಊರಿನ ಹಳೇ ವಿಡಿಯೊ ನಮ್ಮೂರಿನದು ಅಂತ ಓಡಾಡಿದರೆ ಮೊದಲು ಮುಚ್ಚುವುದು ಅಂಗಡಿಯ ಶಟರ್, ಮೊದಲು ಹೋಗುವುದು ಕೂಲಿಯವರ ದಿನದ ದುಡಿಮೆ. ಖಾಲಿ ಚೆಕ್ಕಿಗೆ, ಓದದ ಸ್ಟಾಂಪ್ ಪೇಪರಿಗೆ ಸಹಿ ಹಾಕುವುದೂ ಗವಾನ್‌ನ ಮುದ್ರೆ ಬಿದ್ದ ಆ ಖಾಲಿ ಹಾಳೆಯಂಥದ್ದೇ.

ಎಲ್ಲವೂ ಎಲ್ಲರಿಗೂ ಗೊತ್ತಿರಬೇಕಿಲ್ಲ. ಇಮಾಮ್ ಮಾಲಿಕ್ ಅವರಂಥ ದೊಡ್ಡ ವಿದ್ವಾಂಸರೇ ಅನೇಕ ಪ್ರಶ್ನೆಗಳಿಗೆ ‘ನನಗೆ ಗೊತ್ತಿಲ್ಲ’ ಎಂದು ಉತ್ತರಿಸುತ್ತಿದ್ದರು ಎಂಬುದು ಪ್ರಸಿದ್ಧ. ಗೊತ್ತಿಲ್ಲದಾಗ ಬಲ್ಲವರನ್ನು ಕೇಳಿ ಎಂದೇ ಕುರ್‌ಆನ್ ಹೇಳುತ್ತದೆ. ಕೇಳುವುದಕ್ಕೆ ಹಿಡಿಯುವುದು ಐದು ನಿಮಿಷ. ಕೇಳದೆ ಕೊಟ್ಟ ಒಂದು ಹುಕುಂ ಬೀದರ್‌ಗೆ ತಂದಿಟ್ಟ ನಷ್ಟಕ್ಕೆ 540 ವರ್ಷ ದಾಟಿದೆ, ಇನ್ನೂ ತುಂಬಿಲ್ಲ.