ಆದೇಶ ತಲುಪುವ ದಾರಿ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ನ್ಯಾಯಾಲಯದ ಆದೇಶಗಳ ವಿಷಯದಲ್ಲಿಯೂ ಈ ಮಾತು ಒಮ್ಮೊಮ್ಮೆ ನಿಜವಾಗುವುದುಂಟು. ನ್ಯಾಯಾಧೀಶರು ಸಹಿ ಹಾಕಿದ ಮಾತ್ರಕ್ಕೆ ನೊಂದವರ ಕಷ್ಟ ತೀರದು. ಆದೇಶವನ್ನು ಪಾಲಿಸಬೇಕಾದವನಿಗೂ, ಪಾಲನೆಯನ್ನು ನೋಡಿಕೊಳ್ಳಬೇಕಾದ ಅಧಿಕಾರಿಗೂ ಅದು ತಲುಪಬೇಕು.

ಮನೆಯಲ್ಲಿಯೇ ಹಿಂಸೆಗೆ ಗುರಿಯಾದ ಮಹಿಳೆಯರಿಗಾಗಿ ಸಂಸತ್ತು 2005ರಲ್ಲಿ ಒಂದು ಕಾನೂನನ್ನು ರೂಪಿಸಿತು. 2006ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂದಿತು. ಇದರಂತೆ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು. ಎದುರು ಪಕ್ಷದವನಿಗೆ ರಕ್ಷಣಾಧಿಕಾರಿಯು 2 ದಿನಗಳಲ್ಲಿ ಅಥವಾ ಮ್ಯಾಜಿಸ್ಟ್ರೇಟರು ಒಪ್ಪಿದ ಹೆಚ್ಚಿನ ಅವಧಿಯಲ್ಲಿ ನೋಟೀಸು ಮುಟ್ಟಿಸಬೇಕು. ಅಗತ್ಯವೆನಿಸಿದರೆ, ಅವನು ಬರುವ ಮುನ್ನವೇ ಮಧ್ಯಂತರ ಆದೇಶ ನೀಡಬಹುದು. ಆದೇಶದ ಪ್ರತಿಯನ್ನು ಉಭಯ ಪಕ್ಷಗಳಿಗೂ ಪೊಲೀಸ್ ಠಾಣೆಗೂ ಉಚಿತವಾಗಿ ಕೊಡಬೇಕು. ರಕ್ಷಣಾ ಆದೇಶವನ್ನು ಮೀರಿದವನಿಗೆ 1 ವರ್ಷದವರೆಗೆ ಸೆರೆವಾಸ, 20,000 ರೂಪಾಯಿಯವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು.

ಪ್ರತಿಯು ಠಾಣೆಗೆ ಬಾರದಿದ್ದರೆ ಪೊಲೀಸರಿಗೆ ಆದೇಶದ ಅರಿವೇ ಇರುವುದಿಲ್ಲ. ಹಿಂಸಿಸುವವನು ‘ನನಗೆ ಆದೇಶ ತಲುಪಿಯೇ ಇಲ್ಲ’ ಎಂದು ನುಣುಚಿಕೊಳ್ಳಬಹುದು. ಮಹಿಳೆಯಾದರೋ ದೂರು ಕೊಟ್ಟ ಬಳಿಕ ಅದೇ ಸೂರಿನಡಿ ಬಾಳಬೇಕಾಗಬಹುದು. ಆಗ ಒಂದು ದಿನದ ವಿಳಂಬವೂ ಅಪಾಯಕರ.

ಇಂತಹ ವಿಳಂಬದ ತೊಡಕು ದೇಶದ ಅತ್ಯುನ್ನತ ನ್ಯಾಯಾಲಯವನ್ನೂ ಬಿಟ್ಟಿಲ್ಲ. 2021ರ ಜುಲೈ 8ರಂದು ಆಗ್ರಾ ಸೆರೆಮನೆಯ 13 ಮಂದಿ ಬಂದಿಗಳಿಗೆ ಸುಪ್ರೀಂ ಕೋರ್ಟು ಜಾಮೀನು ನೀಡಿತು. ಆದರೆ ದೃಢೀಕೃತ ಪ್ರತಿ ಅಂಚೆಯಲ್ಲಿ ಬಂದಿಲ್ಲವೆಂದು ಅವರ ಬಿಡುಗಡೆ ಕೆಲವು ದಿನ ತಡವಾಯಿತು. ನ್ಯಾಯಾಲಯವು ಇದನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅದರ ಫಲವಾಗಿ 2022ರ ಮಾರ್ಚ್ 31ರಂದು ‘ಫಾಸ್ಟರ್’ ಎಂಬ ವ್ಯವಸ್ಥೆ ಆರಂಭವಾಯಿತು. ಇದರ ಮೂಲಕ ಸುಪ್ರೀಂ ಕೋರ್ಟಿನ ಜಾಮೀನು, ತಡೆಯಾಜ್ಞೆ ಹಾಗೂ ಮಧ್ಯಂತರ ಆದೇಶಗಳನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ವಿದ್ಯುನ್ಮಾನ ರೂಪದಲ್ಲಿ, ಸುರಕ್ಷಿತವಾಗಿ ಕಳುಹಿಸಬಹುದಾಯಿತು.

ಆದರೆ ಯಂತ್ರವೊಂದೇ ಸಾಲದು. ಮನೆಯೊಳಗೆ ಸಿಲುಕಿದ ಮಹಿಳೆಯ ಬಳಿ ದೂರವಾಣಿ ಇಲ್ಲದಿರಬಹುದು. ಇದ್ದರೂ ಅದು ಹಿಂಸಿಸುವವನ ಕೈಯಲ್ಲಿರಬಹುದು. ಆದುದರಿಂದ ಸಂದೇಶವು ಠಾಣೆಗೆ ಕ್ಷಣದಲ್ಲಿ ತಲುಪಿದರೂ ಆಕೆಯ ಬಾಗಿಲಿಗೆ ಅಧಿಕಾರಿಯು ನಡೆದೇ ಹೋಗಬೇಕು.

ತ್ವರೆಯೆಂದರೆ ವಿಚಾರಣೆಯನ್ನು ಮೊಟಕುಗೊಳಿಸುವುದಲ್ಲ. ಬರೆದು ಮುಗಿದ ಆದೇಶವು ಕಡತದಲ್ಲಿ ಮಲಗದಂತೆ ಎಚ್ಚರ ವಹಿಸುವುದು. ನೊಂದವರ ಕೈಗೆ ಸಕಾಲದಲ್ಲಿ ಸೇರಿದಾಗಲೇ ಆದೇಶವು ರಕ್ಷಣೆಯಾಗುತ್ತದೆ.