ರಕ್ತ ಎಷ್ಟು ಹೋಯ್ತು ಸಿಸ್ಟರ್?

ಹೆರಿಗೆಯಾದ ಮೇಲೆ ಮನೆಯವರು ಕೇಳೋ ಪ್ರಶ್ನೆ ಇದು. "ಜಾಸ್ತಿ ಏನಿಲ್ಲ" ಅಂದ್ಬಿಟ್ರೆ ಅದು ಕಣ್ಣಂದಾಜು ಅಷ್ಟೆ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂ ಸಿಸ್ಟರ್‌ಗಳು ಅಂದಾಜು ಬಿಟ್ಟು ಅಳೆದರು. 1620 ಬಾಣಂತಿಯರು. ಸುಮಾರು ಅರ್ಧ ಜನಕ್ಕೆ ರಕ್ತಸ್ರಾವ ತಡೆಯೋ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡೋಕೆ ಹಾಗೇ ಇರೋ, ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ. ಗೊತ್ತಿದ್ರೆ ಲೆಕ್ಕ ಒಂದು ಕಡೆ ವಾಲ್ಬಿಡುತ್ತೆ, ನೋಡಿ!

ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ತುದೀಲಿ ಗೆರೆ ಹಾಕಿದ ಚೀಲ. ರಕ್ತ ಅದರೊಳಗೇ ಇಳಿಯಬೇಕು. 500 ಮಿಲಿ ಮುಟ್ಟಿದ್ರೆ ಅತಿ ರಕ್ತಸ್ರಾವ. ಔಷಧಿಯಿಲ್ಲದ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 12 ಜನಕ್ಕೆ ಹಾಗಾಯ್ತು, ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ 6.4. ಈ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು.

ಹಾಗಂತ ಮಂಡ್ಯದಲ್ಲೂ ಎಲ್ಲರಿಗೂ ಅದೇ ಮಾತ್ರೆನಾ? ಇಲ್ಲ. ಅದು ಆಕ್ಸಿಟೋಸಿನ್ ಇಂಜೆಕ್ಷನ್ ಸಿಗದ ಕಡೆಯ ಪುರಾವೆ. ಆಸ್ಪತ್ರೇಲಿ ಆಕ್ಸಿಟೋಸಿನ್ ಇದ್ರೆ ಮೊದಲು ಅದೇ.

ಮದ್ದೂರು, ಮಳವಳ್ಳಿ ಕಡೆಯ ನರ್ಸಿಂಗ್ ಮಕ್ಕಳೇ, ಪ್ರಾಜೆಕ್ಟ್‌ಗೆ "ತಾಯಂದಿರ ಜ್ಞಾನದ ಮಟ್ಟ" ಅಂತ ಮತ್ತೊಂದು ಪ್ರಶ್ನಾವಳಿ ಬೇಡ ಕಣ್ರಪ್ಪ. ಗೈಡ್ ಮೇಡಂ ಒಪ್ಪಿದ್ರೆ, ನೈತಿಕ ಸಮಿತಿ ಅನುಮತಿ ತಗೊಂಡು, ಕಣ್ಣಂದಾಜಿಗೂ ಅಳತೆಗೂ ಎಷ್ಟು ಮಿಲಿ ವ್ಯತ್ಯಾಸ ಅಂತ ನೋಡಿ.